ಗಾದೆಯ ಪಾಸ್‌ವರ್ಡು

ಚಾಮರಾಜಪೇಟೆಯ ಒಂದು ಶಾಲೆಯಲ್ಲಿ ಮಕ್ಕಳ ಕಂಪ್ಯೂಟರುಗಳಿಗೆಲ್ಲ ನೆಟ್‌ವರ್ಕ್ ಹಾಕಿಕೊಡೋ ಕೆಲಸ ನನಗೆ ಬಿದ್ದಿತ್ತು. ವೈರು ಎಳೆಯೋದು ಸುಲಭ, ತಲೆ ತಿಂದದ್ದು ಪಾಸ್‌ವರ್ಡು. ಪರೀಕ್ಷೆಯ ಪ್ರಶ್ನೆಪತ್ರಿಕೆಗಳೂ ಆ ನೆಟ್‌ವರ್ಕಿನೊಳಗೇ ಇರೋದರಿಂದ, "ಮಕ್ಕಳಿಗೆ ಮಾತ್ರ ಗೊತ್ತಾಗಬಾರದು ಮೇಡಂ" ಅಂತ ಕಂಪ್ಯೂಟರ್ ಕೋಣೆ ನೋಡಿಕೊಳ್ಳೋ ಕನ್ನಡ ಟೀಚರಿಗೆ ಸಾರಿ ಸಾರಿ ಹೇಳಿದ್ದೆ.

"ಅದು ನಂಗೆ ಬಿಡಿ. ಒಂದು ಗಾದೆಯ ಎರಡನೇ ಅರ್ಧ ಇಟ್ಟಿದೀನಿ. ಬ್ರಹ್ಮನಿಗೂ ಗೊತ್ತಾಗಲ್ಲ" ಅಂದರು.

ಮಾರನೇ ದಿನ ಕೋಣೆ ತುಂಬ ಮಕ್ಕಳು. ಟೀಚರು ಕೀಬೋರ್ಡಿನ ಮುಂದೆ ಕೂತು, ನೆನಪಿಸಿಕೊಳ್ಳೋಕೆ "ಕೈ ಕೆಸರಾದರೆ..." ಅಂತ ಗೊಣಗಿದರು.

"ಬಾಯಿ ಮೊಸರೂ!" ಇಡೀ ಕ್ಲಾಸು ಒಂದೇ ರಾಗದಲ್ಲಿ ಕೂಗಿತು.

"ವೆರಿ ಗುಡ್!" ಅಂದುಬಿಟ್ಟ ಟೀಚರು ಆಮೇಲೆ ನಾಲಿಗೆ ಕಚ್ಚಿಕೊಂಡರು.

ನನಗೆ ರೇಗಿಹೋಯಿತು. ಅಕ್ಷರ, ಅಂಕಿ, ಚಿಹ್ನೆ ಎಲ್ಲ ಕಲಸಿ, ಯಾರ ನಾಲಿಗೆಯೂ ಹೊರಳದಂಥ ಹೊಸ ಪಾಸ್‌ವರ್ಡ್ ಹಾಕಿ, ಚೀಟಿಯಲ್ಲಿ ಬರೆದು ಅವರ ಕೈಗಿಟ್ಟೆ.

"ಅಯ್ಯೋ, ಇದು ನಂಗೆಲ್ಲಿ ನೆನಪಿರತ್ತೆ ಸಾರ್!" ಅಂದವರೇ ಸೀದಾ ಬೋರ್ಡಿಗೆ ಹೋಗಿ, ಸೀಮೆಸುಣ್ಣ ತಗೊಂಡು ಅದನ್ನ ದೊಡ್ಡದಾಗಿ ಬರೆದರು.

"ಮಕ್ಕಳೇ, ಎಲ್ಲರೂ ಹತ್ತು ಸಲ ಬರೆದು ಬಾಯಿಪಾಠ ಮಾಡ್ಕೊಂಡು ಬನ್ನಿ!"