ಮೊದಲು ಅಸಲು

ವೈಜಯಂತಿ ಮೂವತ್ತು ವರ್ಷ ದೆಹಲಿಯ ಒಂದು ಸಚಿವಾಲಯದಲ್ಲಿ ಗೃಹನಿರ್ಮಾಣ ಮುಂಗಡದ ಕಡತ ನೋಡಿಕೊಂಡಳು. ಸರ್ಕಾರ ನೌಕರರಿಗೆ ಕೊಡುತ್ತಿದ್ದ ಸಾಲ ಅದು. ಮನೆಯನ್ನು ರಾಷ್ಟ್ರಪತಿಗಳ ಹೆಸರಿಗೆ ಅಡಮಾನ ಬರೆದುಕೊಡಬೇಕು. ಸಂಬಳದಲ್ಲಿ ಮೊದಲು ಅಸಲು ಮುರಿಯುತ್ತಾರೆ, ಅದು ತೀರಿದ ಮೇಲೆ ಬಡ್ಡಿ. ಎಷ್ಟೋ ಗುಮಾಸ್ತರಿಗೆ ಈ ಲೆಕ್ಕ ಬಿಡಿಸಿ ಹೇಳಿದವಳು ಅವಳೇ.

2004ರಲ್ಲಿ ಫರೀದಾಬಾದಿನಲ್ಲಿ ಇನ್ನೂ ಕಟ್ಟಬೇಕಿದ್ದ ಫ್ಲಾಟಿಗೆ ಅವಳಿಗೇ ಸಾಲ ಬೇಕಾದಾಗ ಆ ವರ್ಷದ ಮುಂಗಡದ ಹಣ ಮುಗಿದಿತ್ತು. ಬ್ಯಾಂಕುಗಳು ಶೇಕಡಾ ಏಳೂವರೆ ಬಡ್ಡಿಗೆ ಕರೆದು ಕೊಡುತ್ತಿದ್ದವು. ತೆರಿಗೆ ವಿನಾಯಿತಿ ತೋರಿಸಿ ಸರ್ಕಾರವೂ ಜನರನ್ನು ಅತ್ತಲೇ ತಳ್ಳುತ್ತಿತ್ತು. ಸರ್ಕಾರಿ ಬ್ಯಾಂಕು ತಾನೇ ಎಂದು ಎಂಟು ಲಕ್ಷ ತೆಗೆದುಕೊಂಡಳು. ಬಡ್ಡಿ ಕಾಲಕಾಲಕ್ಕೆ ಬದಲಾಗುತ್ತದೆಂಬ ಕರಾರಿಗೂ ಸಹಿ ಹಾಕಿದಳು. ನಾಲ್ಕು ವರ್ಷ ಕಂತು ಒಂದು ರೂಪಾಯಿಯೂ ಏರಲಿಲ್ಲ. ಬ್ಯಾಂಕಿನಿಂದ ಬಂದ ಲಕೋಟೆಗಳನ್ನು ಅವಳು ಒಡೆಯಲಿಲ್ಲ.

2008ರಲ್ಲಿ, ಅರವತ್ತಕ್ಕೆ ನಿವೃತ್ತಿಯಾಯಿತು. ಗ್ರಾಚ್ಯುಟಿ ಮಗಳ ಮದುವೆಯ ಸಾಲಕ್ಕೆ ಹೋಯಿತು. ಕಟ್ಟಿದ ಕಂತುಗಳನ್ನೆಲ್ಲ ಎಂಟು ಲಕ್ಷದಲ್ಲಿ ಕಳೆದು ನೋಡಿದಳು: ಪ್ರಾವಿಡೆಂಟ್ ಫಂಡಿನ ನಾಲ್ಕೂವರೆ ಲಕ್ಷದಲ್ಲಿ ಅಸಲು ತೀರುತ್ತದೆ. ಗಂಡ ಚಂದ್ರಮೋಹನನನ್ನು ಕರೆದುಕೊಂಡು ಬ್ಯಾಂಕಿಗೆ ಹೋದಳು.

"ಏಳು ಲಕ್ಷ ಇಪ್ಪತ್ತಾರು ಸಾವಿರ ಬಾಕಿ ಇದೆ, ಮಾತಾಜಿ," ಎಂದ ಮ್ಯಾನೇಜರ್.

"ನಾನು ಕೇಳಿದ್ದು ಅಸಲು. ಬಡ್ಡಿ ಆಮೇಲೆ."

"ಅಸಲೇ ಅದು. ನಮ್ಮಲ್ಲಿ ಮೊದಲು ಬಡ್ಡಿಗೆ ಹಿಡೀತೀವಿ. ಬಡ್ಡಿ ಈಗ ಹನ್ನೆರಡು. ನಿಮ್ಮ ಕಂತು ಅದಕ್ಕೇ ಸರಿಹೋಗ್ತಿದೆ."

"ಕಂತು ಏರಿಲ್ಲವಲ್ಲ?"

"ಕಂತಿನ ವರ್ಷ ಏರಿದೆ. ಹೀಗೇ ಕಟ್ಟಿದರೆ ಇನ್ನೂ ಮೂವತ್ತೆರಡು."

"ಅಚ್ಛಾ, ನಿನ್ನ ತೊಂಬತ್ತೆರಡಕ್ಕೆ ಗೃಹಪ್ರವೇಶ ಇಟ್ಕೊಳ್ಳೋಣ," ಎಂದ ಚಂದ್ರಮೋಹನ. "ಇಡೀ ಸಚಿವಾಲಯಕ್ಕೆ ಪಾಠ ಹೇಳಿದೋಳು."

"ಸುಮ್ನಿರಿ. ಉಳಿದ ಎರಡೂಮುಕ್ಕಾಲು ಲಕ್ಷ ಎಲ್ಲಿಂದ ತರೋದು, ಅದು ಹೇಳಿ."

ಚಂದ್ರಮೋಹನ ದುಡಿಯುತ್ತಿದ್ದ, ದೆಹಲಿಯ ಓಖ್ಲಾದ ಮುದ್ರಣಾಲಯ ಮುಚ್ಚಿಹೋಗಿತ್ತು. ಅವಳ ಪಿಂಚಣಿ ಒಂಬತ್ತು ಸಾವಿರ, ಕಂತು ಏಳು ಸಾವಿರದ ನಾನೂರು.

"ಕಂತು ಇಳಿಸಿಕೊಡಿ," ಎಂದಳು ಮ್ಯಾನೇಜರನಿಗೆ. ಬೇರೆಯವರ ಮುಂದೆ ಅವಳು ಹಾಗೆ ಬೇಡಿದ್ದನ್ನು ಚಂದ್ರಮೋಹನ ಕಂಡಿರಲಿಲ್ಲ.

"ಇಳಿಸಿದರೆ ವರ್ಷ ಮತ್ತೆ ಏರುತ್ತೆ. ಕಟ್ಟದೇ ಬಿಟ್ಟರೆ ನೋಟಿಸು, ಅರವತ್ತು ದಿನ ಗಡುವು, ಆಮೇಲೆ ಮನೆ ವಶಕ್ಕೆ. ನಾವು ಕೋರ್ಟಿಗೂ ಹೋಗಬೇಕಿಲ್ಲ. ಸರ್ಕಾರವೇ ಕಾನೂನು ಮಾಡಿಕೊಟ್ಟಿದೆ."

ಅವಳು ನಾಲ್ಕೂವರೆ ಲಕ್ಷದ ಡ್ರಾಫ್ಟನ್ನು ಮೇಜಿನ ಮೇಲಿಟ್ಟು, ಉಳಿದದ್ದಕ್ಕೆ ಹಳೆಯ ಕಂತನ್ನೇ ಒಪ್ಪಿಕೊಂಡಳು.

ಬಿಲ್ಡರ್ ಫ್ಲಾಟನ್ನು ವಶಕ್ಕೆ ಕೊಟ್ಟು ಎರಡು ತಿಂಗಳಾಗಿತ್ತು. ಕಂತಿಗೆ ಆಗಲೆಂದು ಅದನ್ನು ಬಾಡಿಗೆಗೆ ಕೊಟ್ಟರು. ಅಲ್ಲಿಯವರೆಗೆ ಇದ್ದ ಸರ್ಕಾರಿ ಕ್ವಾರ್ಟರ್ಸ್ ಬಿಡುವ ಗಡುವು ಬಂದಾಗ ಇಬ್ಬರೂ ಫರೀದಾಬಾದಿನಲ್ಲೇ ಒಂದು ತಾರಸಿಯ ಕೋಣೆ ಹಿಡಿದರು. ಬೀಗದ ಕೈಯನ್ನು ಬಾಡಿಗೆಯವರ ಕೈಗೆ ಹಾಕಿದ ದಿನದವರೆಗೆ ಆ ಹೊಸ ಮನೆಯಲ್ಲಿ ವೈಜಯಂತಿ ಒಂದು ಲೋಟ ಕಾಫಿಯನ್ನೂ ಕಾಸಿರಲಿಲ್ಲ.