ತೊಳೆದಿಟ್ಟ ಮನೆಯ ಹಾನಿ

ಮಹಾಪೆಯ ನಮ್ಮ ಕಚೇರಿಯ ಮೆಟ್ಟಿಲನ್ನು ಇವತ್ತು ಬೆಳಿಗ್ಗೆ ಯಾರೋ ಫಿನಾಯಿಲ್ ಹಾಕಿ ಒರೆಸಿದ್ದರು. ಉಳಿದವರು ಮೂಗು ಮುಚ್ಚಿಕೊಂಡು ಲಿಫ್ಟಿನ ಕಡೆ ಹೋದರೆ ನಾನು ಚಪ್ಪಲಿ ಜಾರುವ ಭಯವನ್ನೂ ಮರೆತು ಮೊದಲ ಮೆಟ್ಟಿಲಲ್ಲೇ ನಿಂತೆ. ನಿಮಗೆ ಫಿನಾಯಿಲ್ ಎಂದರೆ ಆಸ್ಪತ್ರೆ ನೆನಪಾಗಬಹುದು. ನನಗೆ ವಿಠ್ಠಲವಾಡಿಯ ಚಿಕ್ಕಮ್ಮ ನೆನಪಾಗುತ್ತಾರೆ, ಬೆನ್ನಿಗೇ ವಿಪರೀತ ಸಿಟ್ಟು ಬರುತ್ತದೆ.

ನನ್ನ ಕೆಲಸ ಏನೆಂದು ಹೇಳಿಬಿಡಬೇಕು, ಅದು ಅಷ್ಟು ಸುಲಭವಲ್ಲ. ಬಡತನ, ಕೆಟ್ಟುಹೋದ ಹವಾಮಾನ, ಅದು ತರುವ ಅನಾಹುತ ಎಲ್ಲವೂ ಒಂದೇ ಮನೆಗೆ ನುಗ್ಗಿದಾಗ ಆ ಮನೆ ಮತ್ತೆ ಹೇಗೆ ಎದ್ದು ನಿಲ್ಲುತ್ತದೆ ಎಂದು ಅಭ್ಯಾಸ ಮಾಡುವ ಸಣ್ಣದೊಂದು ಸಂಸ್ಥೆಯಲ್ಲಿ ಸಂಶೋಧಕಿ ನಾನು. ಇದನ್ನು ವಿವರಿಸಿದಾಗ ಚಿಕ್ಕಮ್ಮ ಸ್ವಲ್ಪ ಯೋಚಿಸಿ, "ಅಂದ್ರೆ ನಿಂಗೆ ಮಳೆಯ ಆಫೀಸಲ್ಲಿ ಕೆಲ್ಸವಾ?" ಎಂದು ಕೇಳಿದ್ದರು. ಬೇಸಿಗೆಯಲ್ಲಿ ನಾನು ಪುಕ್ಕಟೆ ಸಂಬಳ ತೆಗೆದುಕೊಳ್ಳುತ್ತೇನೆ ಎಂಬ ಗುಮಾನಿ ಅವರಿಗೆ ಇಂದಿಗೂ ಇದೆ.

ಉಡುಪಿಯಿಂದ ಮದುವೆಯಾಗಿ ಬಂದ ಚಿಕ್ಕಮ್ಮ ವಿಠ್ಠಲವಾಡಿ ಸ್ಟೇಷನ್ನಿನ ಹತ್ತಿರದ ಚಾಳಿನಲ್ಲಿ, ಎಂದರೆ ಒಂದಕ್ಕೊಂದು ಅಂಟಿದ ಸಾಲುಮನೆಗಳಲ್ಲಿ, ನೆಲಮಟ್ಟದ ಪುಟ್ಟ ಮನೆಯಲ್ಲಿ ಸಂಸಾರ ಹೂಡಿದವರು. ಚಿಕ್ಕಪ್ಪ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಚಿಕ್ಕಮ್ಮ ಗ್ರೈಂಡರಿನಲ್ಲಿ ಇಡ್ಲಿ ದೋಸೆಯ ಹಿಟ್ಟು ರುಬ್ಬಿ ಸುತ್ತಲಿನ ಕಟ್ಟಡಗಳಿಗೆ ಮಾರುತ್ತಿದ್ದರು. ಗ್ರೈಂಡರಿನ ಸದ್ದು ಕೇಳಿಸದಿದ್ದರೆ ಪಕ್ಕದ ಮನೆಯವರು ಬಾಗಿಲಿಗೆ ಬಂದು, "ಕಾಕೂ, ತಬ್ಯೇತ್ ಬರೀ ಆಹೆ ನಾ?" ಎಂದು ಮರಾಠಿಯಲ್ಲಿ ಅವರ ಆರೋಗ್ಯ ವಿಚಾರಿಸುತ್ತಿದ್ದರು. ಸ್ವಂತ ಕಾಸಿನಲ್ಲಿ ಸೀರೆ ಕೊಂಡ ದಿನ ಚಿಕ್ಕಮ್ಮನ ನಡಿಗೆಯೇ ಬೇರೆ ಇರುತ್ತಿತ್ತು. ಕಾಲೇಜು ಓದಲು ಅವರ ಮನೆಯಲ್ಲಿದ್ದ ನನಗೆ ಅದನ್ನು ನೋಡುವುದೇ ಒಂದು ಸಂತೋಷ.

ಒಂದು ಮಳೆಗಾಲದಲ್ಲಿ ಚಾಳಿನ ಹಿಂದಿನ ಕೊಳಚೆ ನಾಲೆ ಉಕ್ಕಿ ಮನೆಯೊಳಗೆ ಬಂತು. ಅಂದು ರುಬ್ಬಿದ ಹಿಟ್ಟಿನ ಪಾತ್ರೆಯನ್ನು ಅಟ್ಟದ ಮೇಲೆ ಏರಿಸಿ ನಾವು ಮೂವರೂ ಮಂಚದ ಮೇಲೆ ಕೂತೆವು. ಕೆಳಗೆ ನೀರು ಏರುತ್ತಿತ್ತು, ಮೇಲೆ ಹಿಟ್ಟು ಹುಳಿ ಬಂದು ಏರುತ್ತಿತ್ತು. ಚಿಕ್ಕಪ್ಪನ ಬೋಳು ತಲೆಗೆ ಹಿಟ್ಟು ತೊಟ್ಟಿಕ್ಕಿದಾಗ ಆ ಸ್ಥಿತಿಯಲ್ಲೂ ನಮಗೆ ನಗು ತಡೆಯಲಾಗಲಿಲ್ಲ. ಎತ್ತಲಾಗದ ಗ್ರೈಂಡರ್ ಮಾತ್ರ ಮೋಟಾರಿನ ಸಮೇತ ಮುಳುಗಿತ್ತು.

ನೀರು ಇಳಿಯಿತು. ಹಾನಿಯನ್ನು ನೋಡಿ ಬರೆದುಕೊಳ್ಳುವ ಪಂಚನಾಮೆಗೆ ಸರಕಾರದವರು ನಾಳೆ ಬರುತ್ತಾರೆ ಎಂಬ ಸುದ್ದಿಯೂ ಬಂತು. ಚಿಕ್ಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಜನ ಬರುವಾಗ ಮನೆ ಹೀಗೆ ಇಡ್ಲಿಕ್ಕುಂಟಾ? ಏಳಿ, ಏಳಿ!"

ಕೆಸರು ಬಾಚಿದೆವು, ಗೋಡೆಯ ಮೇಲಿನ ನೀರಿನ ಗೆರೆಯನ್ನು ತೆಂಗಿನ ನಾರಿನಿಂದ ತಿಕ್ಕಿದೆವು, ಬಾಟಲಿ ಖಾಲಿಯಾಗುವವರೆಗೆ ಫಿನಾಯಿಲ್ ಸುರಿದೆವು. ಕೆಟ್ಟ ಗ್ರೈಂಡರಿಗೆ ಚಿಕ್ಕಮ್ಮ ಕಸೂತಿಯ ಬಟ್ಟೆ ಹೊದೆಸಿದರು. ಹೊಸ್ತಿಲಿಗೆ ರಂಗೋಲಿಯೂ ಬಿತ್ತು. ಪಂಚನಾಮೆಯ ಸಾಹೇಬರು ಇಡೀ ಚಾಳಿನಲ್ಲಿ ಬೂಟು ಬಿಚ್ಚಿ ಒಳಗೆ ಬಂದದ್ದು ನಮ್ಮ ಮನೆಗೆ ಮಾತ್ರ.

"ಕಾಕೂ, ತುಮ್ಚಂ ಕಾಹೀ ನುಕ್ಸಾನ್?" ಏನಾದರೂ ಹಾನಿಯಾಗಿದೆಯೇ ಎಂದು ಅವರು ಕೇಳಿದರು.

"ಛೇ ಛೇ, ಕಾಹೀ ನಾಹೀ. ಕಾಫಿ ಘ್ಯಾ." ಏನೂ ಇಲ್ಲವೆಂದು ಚಿಕ್ಕಮ್ಮ ಕಾಫಿ ಮುಂದಿಟ್ಟರು.

ಅವರು ಕಾಫಿಯನ್ನು ಹೊಗಳಿ ಕುಡಿದು, ಹಾನಿ ಇಲ್ಲ ಎಂದು ಬರೆದುಕೊಂಡು ಹೋದರು. ಕೆಸರು ಹಾಗೇ ಬಿಟ್ಟಿದ್ದ ಪಕ್ಕದ ಮನೆಗಳಿಗೆ ಪರಿಹಾರ ಬಂತು. ಪರರ ಮುಂದೆ ಕೈಯೊಡ್ಡಬಾರದು ಎಂದು ಹಾಗೆ ಹೇಳಿದ ಚಿಕ್ಕಮ್ಮ, ಆಮೇಲೆ ಬಸ್ಸಿನ ಚಿಲ್ಲರೆಗೂ ಚಿಕ್ಕಪ್ಪನ ಮುಂದೆ ಕೈಯೊಡ್ಡಬೇಕಾಯಿತು. ಬೇರೆ ಗ್ರೈಂಡರ್ ಬರುವಷ್ಟರಲ್ಲಿ ಗಿರಾಕಿಗಳು ಅಂಗಡಿಯ ಪ್ಯಾಕೆಟ್ ಹಿಟ್ಟಿಗೆ ಒಗ್ಗಿಕೊಂಡಿದ್ದರು. ಅವರನ್ನು ಮರಳಿ ಕೂಡಿಸುವುದಕ್ಕೆ ಚಿಕ್ಕಮ್ಮ ಪಟ್ಟ ಪಾಡು ನನಗೆ ಗೊತ್ತು. ನನ್ನ ಸಿಟ್ಟು ಅವರ ಮೇಲೋ, ಬೂಟು ಬಿಚ್ಚಿದವರ ಮೇಲೋ, ಆಗ ತಿಳಿಯುತ್ತಿರಲಿಲ್ಲ.

ಕಳೆದ ವಾರ ಅದೇ ನಾಲೆ ಮತ್ತೆ ಉಕ್ಕಿತು. ಹಾನಿ ಬರೆದುಕೊಳ್ಳಲು ನಮ್ಮ ಸಂಸ್ಥೆಯ ಹುಡುಗಿಯರು ಚಾಳುಗಳನ್ನು ಸುತ್ತಿ ಬಂದರು. ಅವರು ತಂದ ಪಟ್ಟಿಯಲ್ಲಿ ಎಷ್ಟೋ ಮನೆಗಳ ಹೆಸರಿನ ಮುಂದೆ "ಹಾನಿ ಇಲ್ಲ" ಎಂದಿತ್ತು. ಚಿಕ್ಕಮ್ಮನ ಮನೆಯೂ ಅದರಲ್ಲಿತ್ತು. "ಕಾಫಿ ಮಸ್ತ್ ಹೋತೀ," ಎಂದು ಆ ಮನೆಯ ಕಾಫಿಯನ್ನೇ ಹೊಗಳಿದಳು ಹೋಗಿ ಬಂದವಳು. ನಾವು ಹಾನಿ ಎಂದು ತೋರಿಸಿದ ಮನೆಗಳಿಗಷ್ಟೇ ಈ ಸಲದ ನೆರವು ಹೋಗುವುದಿತ್ತು.

ಇವತ್ತು ಆ ಫಿನಾಯಿಲ್ ಮೆಟ್ಟಿಲೇರಿ ನೇರ ಸಂಸ್ಥೆಯ ಮುಖ್ಯಸ್ಥರಾದ ನಮ್ಮ ಸರ್ ಹತ್ತಿರ ಹೋಗಿ, ಪಟ್ಟಿ ತಪ್ಪಾಗಿದೆ ಎಂದೆ. ಹುಬ್ಬಳ್ಳಿ ಕಡೆಯವರು, ನೇರ ಮಾತಿನವರು.

"ಅಲ್ರೀ, ಮನಿ ನೋಡಿದ್ರ ಮದವಿ ಮನಿ ಇದ್ದಾಂಗ ಅದಾವ. ಹಾನಿ ಇಲ್ಲಂತ ಅವ್ರ ಹೇಳ್ಯಾರ. ನಾವೇನ್ ಸುಳ್ಳ ಬರಿಯೂಣೇನು?"

"ಸುಳ್ಳು ಬೇಡ ಸರ್. ಫಿನಾಯಿಲ್ ವಾಸನೆ ಬರುವ ಮನೆಗಳಿಗೆ ಇನ್ನೊಮ್ಮೆ ಹೋಗೋಣ. ಏನು ಹಾಳಾಯ್ತು ಅಂತ ಕೇಳಿದರೆ ನಮ್ಮವರು ಸತ್ತರೂ ಬಾಯಿ ಬಿಡೋದಿಲ್ಲ. ಯಾವ ಕೆಲಸ ನಿಂತಿದೆ ಅಂತ ಕೇಳೋಣ. ಅಲ್ಲಿಯವರೆಗೆ ಈ ವರದಿಗೆ ನಾನು ಸಹಿ ಹಾಕೋದಿಲ್ಲ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಹೋಗಿ ಬರ್ರಿ ಹಂಗಾದ್ರ."

ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ಮಧ್ಯಾಹ್ನಕ್ಕೆ ವಿಠ್ಠಲವಾಡಿ ಮುಟ್ಟಿದೆ. ಹೊಸ್ತಿಲಲ್ಲಿ ರಂಗೋಲಿ, ಒಳಗೆ ಅದೇ ವಾಸನೆ. ಮೂಲೆಯಲ್ಲಿ ಗ್ರೈಂಡರ್ ಕಸೂತಿಯ ಬಟ್ಟೆ ಹೊದ್ದು ಕೂತಿತ್ತು. ಚಿಕ್ಕಮ್ಮ ಕಾಫಿ ತಂದಿಟ್ಟರು. ನಾನು ಲೋಟ ಮುಟ್ಟಲಿಲ್ಲ.

"ಎಂಥ ಮಾರಾಯ್ತಿ, ಸಕ್ಕರೆ ಕಮ್ಮಿ ಆಯ್ತಾ?"

"ಚಿಕ್ಕಮ್ಮ, ನೀರು ಬರುವ ಮೊದಲು ದಿನಾ ಮಾಡ್ತಿದ್ದದ್ದು, ಇವತ್ತು ಮಾಡ್ಲಿಕ್ಕೆ ಆಗದ್ದು ಯಾವುದುಂಟು? ಅದು ಹೇಳಿ. ಆಮೇಲೆ ಕುಡಿತೇನೆ."

ಅವರು ಕಿಟಕಿ ನೋಡಿದರು, ನೆಲ ನೋಡಿದರು, ಇಲ್ಲದ ಧೂಳನ್ನು ಸೆರಗಿನಿಂದ ಒರೆಸಿದರು. ಕಾಫಿ ಕೆನೆಗಟ್ಟಿತು. ಈ ಸಲ ನಾನೂ ಏಳುವವಳಲ್ಲ ಎಂದು ಕೂತಿದ್ದೆ. ಕೊನೆಗೆ ಅವರೇ ಎದ್ದು ಹೋಗಿ ಆ ಬಟ್ಟೆಯನ್ನು ಎಳೆದರು. ಮೋಟಾರಿನ ಸಂದಿಯಲ್ಲಿ ಕೆಸರು ಒಣಗಿತ್ತು.

"ಬರ್ಕೋ," ಎಂದರು, ನನ್ನ ಮುಖ ನೋಡದೆ. "ಗ್ರೈಂಡರ್ ಹೋಗಿದೆ. ಹಿಟ್ಟು ನಿಂತಿದೆ."

ನಾನು ಬರೆದುಕೊಂಡೆ. ಅವರು ಬಟ್ಟೆಯನ್ನು ಮಡಚಿ ಕೈಯಲ್ಲೇ ಹಿಡಿದು ನಿಂತಿದ್ದರು.

"ಆವಾಗ್ಲೂ ಹೋಗಿತ್ತು," ಎಂದರು. "ಅದನ್ನೂ ಬರಿ."