ಲಾರಿಯಲ್ಲಿ ಉಬ್ಬಿದ ಪಾಸ್ಕ

ಯಾರ್ಕ್‌ಟನ್ನಿನ ನಮ್ಮ ಬೀದಿಯಲ್ಲಿ ಓರಿಸ್ಯಾಳಷ್ಟು ಹಟದ ಹೆಂಗಸು ಇನ್ನೊಬ್ಬಳಿರಲಿಲ್ಲ. ಎಪ್ಪತ್ತು ದಾಟಿದ ಮೇಲೂ ಛಾವಣಿಯ ಹಿಮವನ್ನು ತಾನೇ ಎಳೆದು ಕೆಡವುತ್ತಿದ್ದಳು. ಅಂಥವಳು ಕೂಸೊಂದರ ಸುದ್ದಿಗೆ ಬೆಣ್ಣೆಯಾಗಿ ಕರಗಿಹೋದಳು. ಮೊಮ್ಮಗಳು ದಾರ್ಕಾ ತನ್ನ ಪುಟ್ಟ ಕಲೀನಾಳನ್ನು ಎತ್ತಿಕೊಂಡು ಶನಿವಾರ ಬರುತ್ತಾಳಂತೆ. ಕೂಸಿನ ಮೊದಲ ಈಸ್ಟರ್! ಹಬ್ಬದ ಬ್ರೆಡ್ಡು, ಅದೇ ಪಾಸ್ಕ, ಎತ್ತರಕ್ಕೆ ಉಬ್ಬಿದರೆ ಕೂಸಿಗೆ ವರ್ಷವಿಡೀ ಒಳ್ಳೆಯದು. ಕುಸಿದರೆ... ಅದನ್ನು ಬಾಯಲ್ಲಿ ಆಡಬಾರದು.

ಅಷ್ಟರಲ್ಲಿ ಅವಳ ಕಣ್ಣು ನೆಲದ ಜಾಲರಿಯ ಮೇಲೆ ಬಿತ್ತು. ಮನೆ ಬೆಚ್ಚಗಿಡುವ ನೆಲಮಾಳಿಗೆಯ ಫರ್ನೆಸ್ಸಿನ ಬಿಸಿಗಾಳಿ ಕೊಳವೆಗಳಲ್ಲಿ ಹರಿದು ಆ ಜಾಲರಿಯಿಂದಲೇ ಮೇಲೆ ಬರಬೇಕು. ಬೆರಳಾಡಿಸಿದರೆ ಉಣ್ಣೆಯಂಥ ದೂಳು.

"ಈ ಗಾಳಿ ನನ್ ಕೂಸಿನ ಮೂಗಿಗೆ ಹೋಗ್ಬೇಕಾ?" ಎಂದು ಕೊಳವೆ ಶುಚಿ ಮಾಡುವವರನ್ನು ಹುಡುಕಲು ಫೋನಿಗೆ ಕೈ ಹಾಕಿದಳು. ಮೊದಲು ಸಿಕ್ಕವನು ಇಡೀ ಮನೆಯನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತೇನೆಂದ. "ಅರ್ಧ ಗಂಟೇಲಿ ನಾನು ಒಲೇನೂ ಒರೆಸಲ್ಲ ಕಣೋ, ಫೋನ್ ಇಡು" ಅಂದಳು. ಆಮೇಲೆ ಸಿಕ್ಕವಳು ಲಿಯೋನಾ. ಈ ಕೆಲಸವನ್ನು ಕಲಿತು ಪರೀಕ್ಷೆ ಪಾಸು ಮಾಡಿದವಳು. ಫರ್ನೆಸ್ಸಿನ ಫ್ಯಾನನ್ನೂ ಬಿಚ್ಚಿ ತೊಳೆಯುತ್ತೇನೆ, ಕೊಳವೆಗೆ ಕ್ಯಾಮೆರಾ ಇಳಿಸಿ ಮೊದಲು ಹೇಗಿತ್ತು ಆಮೇಲೆ ಹೇಗಾಯಿತು ಎರಡನ್ನೂ ತೋರಿಸುತ್ತೇನೆ ಎಂದಳು. ಗುರುವಾರ ಬರಲೇ ಎಂದು ಕೇಳಿದಾಗ ಓರಿಸ್ಯಾ ಖುಷಿಯಲ್ಲಿ ಹೂಂ ಅಂದುಬಿಟ್ಟಳು.

ಗುರುವಾರವೇ ಪಾಸ್ಕ ಮಾಡುವ ದಿನ, ಎರಡೂ ಒಟ್ಟಿಗೇ ಬಿದ್ದಿವೆ ಎಂಬುದು ತಲೆಗೆ ಹೋದದ್ದು ಲಿಯೋನಾಳ ಲಾರಿ ಬಾಗಿಲಿಗೆ ಬಂದು ನಿಂತಾಗ.

ನಮ್ಮಲ್ಲಿ ಪಾಸ್ಕದ ಹಿಟ್ಟು ಉಬ್ಬುವಾಗ ಬಾಗಿಲು ಬಡಿಯುವಂತಿಲ್ಲ, ಜಗಳವಾಡುವಂತಿಲ್ಲ, ನಡೆಯುವುದೂ ತುದಿಗಾಲಲ್ಲೇ. ಸದ್ದಾದರೆ ಹಿಟ್ಟು ಬೆಚ್ಚಿ ಕುಸಿಯುತ್ತದೆ. ಓರಿಸ್ಯಾಳ ಗಂಡ ಪೆತ್ರೋ, ಪುಣ್ಯಾತ್ಮ, ಒಂದು ವರ್ಷ ಸೀನು ಬಂತೆಂದು ಬರಿಗಾಲಲ್ಲೇ ಹಿಮಕ್ಕೆ ಓಡಿದ್ದ. ಅವನ ಕಥೆ ಶುರು ಮಾಡಿದರೆ ಮುಗಿಯುವುದಿಲ್ಲ, ಇರಲಿ.

ಓರಿಸ್ಯಾ ತುಟಿಗೆ ಬೆರಳಿಟ್ಟುಕೊಂಡೇ ಬಾಗಿಲು ತೆರೆದಳು. "ಶ್ಶ್! ಹಿಟ್ಟು ಮಲಗಿದೆ."

ಮಲಗುವ ಕೋಣೆಯ ಜಾಲರಿಯ ಮೇಲೆ ರಜಾಯಿ ಹೊದ್ದ ಬೋಗುಣಿಯನ್ನು ನೋಡಿ ಲಿಯೋನಾ ಟೋಪಿ ತೆಗೆದಳು. "ಅಜ್ಜಿ, ಫರ್ನೆಸ್ ಆರಿಸ್ಬೇಕು. ಮಧ್ಯಾಹ್ನದ ತನಕ ಮನೆ ತಣ್ಣಗಿರತ್ತೆ. ಮತ್ತೆ ನನ್ ಯಂತ್ರ ಇದ್ಯಲ್ಲ, ಅದು ಪಿಸುಮಾತಾಡಲ್ಲ."

"ಎಷ್ಟು ಸದ್ದೇ?"

"ರೈಲು ಹೋದಂಗೆ."

"ನಾಳೆ ಬರ್ತೀಯಾ ತಾಯಿ?"

"ಇವತ್ತು ಬಿಟ್ರೆ ಹಬ್ಬ ಕಳೆದ ಮೇಲೇ ಅಜ್ಜಿ."

ಓರಿಸ್ಯಾ ಹಿಟ್ಟಿಗೆ ಜಾಗ ಕೇಳಲು ಪಕ್ಕದ ಮನೆಯ ಟೆಕ್ಲಾಳ ಹತ್ತಿರ ಓಡಿದಳು. ಟೆಕ್ಲಾ ಬಾಗಿಲು ತೆಗೆಯಲಿಲ್ಲ, ಕಿಟಕಿಯ ಸಂದಿಯಿಂದ ಪಿಸುಗುಟ್ಟಿದಳು. "ನನ್ ಹಿಟ್ಟೂ ಮಲಗಿದೆ ಕಣೇ, ಬಾಗಿಲು ತೆಗೆದ್ರೆ ಚಳಿ ಹೊಡೆಯತ್ತೆ. ಪಾಸ್ಕದ ದಿನ ಯಾರಾದ್ರೂ ದೂಳು ಹೊಡೆಸ್ತಾರಾ? ಬುದ್ಧಿ ಎಲ್ಲಿಟ್ಟಿದ್ದೆ?"

"ಹಿಟ್ಟಿನ ಜತೆ ನಾದ್ಬಿಟ್ಟೆ!" ಎಂದು ಓರಿಸ್ಯಾ ತಿರುಗಿ ಬಂದಳು.

ಆಗ ಲಿಯೋನಾ ಹೇಳಿದಳು: "ಯಂತ್ರ ಓಡೋಕೆ ಲಾರಿ ಇಂಜಿನ್ ಓಡ್ತಾನೇ ಇರ್ಬೇಕು. ಮುಂದಿನ ಸೀಟಲ್ಲಿ ಹಿಟ್ಟಿಟ್ಟು ಹೀಟರ್ ಹಾಕಿದ್ರೆ ಜುಲೈ ತಿಂಗಳ ಸೆಕೆ. ಆದ್ರೆ ಸದ್ದಿಗೆ ನಾನು ಜವಾಬ್ದಾರಿ ಅಲ್ಲ."

ತಣ್ಣಗಿನ ಮನೆಯೋ, ಗುಡುಗುವ ಲಾರಿಯೋ? ಓರಿಸ್ಯಾ ಶಿಲುಬೆಯ ಗುರುತು ಮಾಡಿಕೊಂಡಳು. "ಕೂಸಿಗೆ ಗಾಳೀನೂ ಬೇಕು, ಪಾಸ್ಕಾನೂ ಬೇಕು. ನಡಿ!"

ಬೋಗುಣಿಗೆ ಸೀಟ್ ಬೆಲ್ಟ್ ಬಿಗಿದು ಪಕ್ಕದಲ್ಲಿ ತಾನು ಕೂತಳು. ಯಂತ್ರ ಅಬ್ಬರಿಸಿತು. ಲಾರಿ ನಡುಗಿತು, ಬೋಗುಣಿ ನಡುಗಿತು, ಓರಿಸ್ಯಾಳ ಗಲ್ಲವೂ ನಡುಗಿತು. ಹಿಟ್ಟಿಗೆ ಭಯವಾಗಬಾರದೆಂದು ಅದರ ಮೇಲೆ ಬಾಗಿ ಹಾಡತೊಡಗಿದಳು. ಜೋಗುಳ ಮುಗಿಯಿತು, ಮದುವೆ ಹಾಡು ಮುಗಿಯಿತು, ಹಾಡಬಾರದ ಕುಡುಕರ ಹಾಡೂ ಮುಗಿಯಿತು.

ಒಳಗೆ ಲಿಯೋನಾ ಒಂದೊಂದೇ ಜಾಲರಿ ಬಿಚ್ಚಿ, ಗಾಳಿಯ ಚಾಟಿ ಬೀಸಿ ದೂಳನ್ನೆಲ್ಲ ಲಾರಿಯ ಯಂತ್ರಕ್ಕೆ ಹೀರುವ ದಪ್ಪ ಪೈಪಿಗೆ ಅಟ್ಟುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬಂದು ಲಾರಿಯ ಕಿಟಕಿ ತಟ್ಟಿದಳು. ಕೈಯಲ್ಲಿ ಕೊಳವೆಯೊಳಗೆ ಸಿಕ್ಕ ಒಂದು ಇಸ್ಪೀಟ್ ರಾಣಿ.

ಓರಿಸ್ಯಾ ಬಾಯಿ ಬಿಟ್ಟಳು. "ಅಯ್ಯೋ ಪೆತ್ರೋ! ಇದನ್ನ ನನ್ ತಮ್ಮ ಕದ್ದ ಅಂತ ಸಾಯೋವರೆಗೂ ಬೈದ್ಯಲ್ಲೋ!" ಎಂದು ಇಡೀ ಬೀದಿಗೆ ಕೇಳುವಂತೆ ನಕ್ಕಳು. ನಕ್ಕವಳು ಥಟ್ಟನೆ ಬಾಯಿ ಮುಚ್ಚಿಕೊಂಡಳು. ಹಿಟ್ಟು! ಹೆದರುತ್ತ ರಜಾಯಿ ಎತ್ತಿದರೆ, ಹಿಟ್ಟು ಬೋಗುಣಿಯ ಅಂಚು ದಾಟಿ ಬೆಲ್ಟನ್ನು ತಳ್ಳುತ್ತಿದೆ.

"ಲಿಯೋನಾ! ಇದು ಲಾರಿ ಇಳಿದು ಹೋಗೋಕೆ ಹೊರಟಿದೆ ಕಣೇ!"

ಮಧ್ಯಾಹ್ನ ಕ್ಯಾಮೆರಾದಲ್ಲಿ ಕೊಳವೆಯ ತಗಡು ಹೊಸ ಚಮಚದಂತೆ ಹೊಳೆಯಿತು, ಫರ್ನೆಸ್ ಹೊತ್ತಿಕೊಂಡಿತು, ಒಲೆಯಿಂದ ಪಾಸ್ಕ ಹೊರಬಂತು. ಬದಿ ಕುಸಿಯದಿರಲೆಂದು ಅದನ್ನು ದಿಂಬಿನ ಮೇಲೆ ಆರಲು ಮಲಗಿಸಿದರು. ಲಿಯೋನಾ ಚಿಕ್ಕದೊಂದು ಪಾಸ್ಕವನ್ನು ಕೋಟಿನೊಳಗೆ ಬೆಚ್ಚಗೆ ಇಟ್ಟುಕೊಂಡು ಹೋದಳು.

ಶನಿವಾರ ಕಲೀನಾ ಬಂದು ಆ ಕೋಣೆಯಲ್ಲೇ ಬಾಯಿ ತೆರೆದು ನಿದ್ದೆ ಹೋದಳು. ಪಕ್ಕದಲ್ಲಿಟ್ಟು ನೋಡಿದರೆ ಕೂಸಿಗಿಂತ ಪಾಸ್ಕವೇ ದಪ್ಪ. ಟೆಕ್ಲಾ ಬಂದು ಎರಡನ್ನೂ ನೋಡಿದಳು, ಪಾಸ್ಕವನ್ನು ಎರಡು ಸಲ.

"ನಿಜ ಹೇಳೇ, ಹಿಟ್ಟಿಗೆ ಏನು ಹಾಕ್ದೆ?"

"ಡೀಸೆಲ್ಲು."

ಟೆಕ್ಲಾ ನಗಲಿಲ್ಲ. ತಲೆವಸ್ತ್ರ ಸರಿಮಾಡಿಕೊಂಡು ಹತ್ತಿರ ಸರಿದಳು. "ಆ ಹುಡುಗಿ ನಂಬರ್ ಕೊಡು. ನಮ್ಮನೆ ಕೊಳವೇಲೂ ದೂಳಿದೆ. ಮುಂದಿನ ವರ್ಷ ಪಾಸ್ಕದ ಗುರುವಾರವೇ ಬರ್ಲಿ."